ಪತ್ತನಾಜೆ ಕಳೆದ ಮೇಲೆ ನೋಡಿದ ಮೊಗ

ವಾಚನಾಲಯದಿಂದ ಪುಸ್ತಕ ತರುತ್ತೇವೆ, ನೀವೂ ಒಂದು ಲೇಖನ ಕೊಡಬೇಕು ಎಂದು ಹೇಳಿದಾಗ, ಪಾಡ್ದನ ಬೇಕಾದರೆ ಹೇಳುತ್ತೇನೆ, ಬರೆಯುವುದು ನನ್ನಿಂದಾಗದು ಎಂದೆ. ನಾನು ಓದಿದ್ದು ಏಳನೇ ಕ್ಲಾಸು. ಅದರ ನಂತರ ಕೈಗೆ ಬಂದದ್ದು ನೊಗ ನೇಗಿಲು. ಆದರೆ ಹೋದ ಆಟಿಯಿಂದ ಒಂದು ಪ್ರಶ್ನೆ ನನ್ನನ್ನು ಬಿಡುತ್ತಾ ಇಲ್ಲ. ಒಂದು ವಸ್ತುವನ್ನು ಊರೆಲ್ಲ, ಲೋಕವೆಲ್ಲ ನೋಡುವ ಹಾಗೆ ಇಡುವುದು ಒಳ್ಳೆಯದಾ? ಅಥವಾ ಅದು ಯಾವ ದಿನ, ಯಾವ ಜಾಗದಲ್ಲಿ, ಯಾರ ಎದುರು ಕಾಣಬೇಕೋ ಅಲ್ಲಿ ಮಾತ್ರ ಕಾಣಲಿ ಎಂದು ಬಿಡುವುದು ಒಳ್ಳೆಯದಾ? ಮನೆಯಲ್ಲಿ ಕೇಳಿದರೆ, "ನಿಮಗೆ ಬೇರೆ ಕೆಲಸ ಇಲ್ಲವಾ" ಎಂದಳು. ಕೆಲಸ ಉಂಟು. ಆದರೂ ಬರೆಯುತ್ತೇನೆ.

ಆಟಿಯ ಮಳೆ ಗೊತ್ತುಂಟಲ್ಲ. ಅಡಿಕೆಗೆ ಎರಡನೇ ಸಲ ಮದ್ದು ಬಿಡಬೇಕಿತ್ತು, ಎಂಟು ದಿನ ಬಿಸಿಲೇ ಇಲ್ಲ. ಮನೆಯಲ್ಲಿ ಕೂತರೆ ಬೇಸರವೆಂದು ವಾಚನಾಲಯಕ್ಕೆ ಹೋಗಿ ಪೇಪರ್ ಓದುತ್ತಿದ್ದೆ. ಅಲ್ಲಿ ಪುಸ್ತಕ ಕೊಡುವ ಹುಡುಗಿ ಕಂಪ್ಯೂಟರಿನಲ್ಲಿ ಏನೋ ನೋಡುತ್ತಿದ್ದಳು. "ಮಾವ, ಇಲ್ಲಿ ಬನ್ನಿ, ಇದು ಎಂತದು ಹೇಳಿ ನೋಡುವಾ" ಎಂದಳು. ಹೋಗಿ ನೋಡಿದರೆ ಪಂಜುರ್ಲಿಯ ಮೊಗ! ಹಿತ್ತಾಳೆಯದ್ದು. ಹಂದಿಯ ಮೂತಿ, ಹೊರಗೆ ಬಂದ ಕೋರೆ, ನೆಟ್ಟಗೆ ನಿಂತ ಕಿವಿ. ಯಾವುದೋ ಪರದೇಶದ ಮ್ಯೂಸಿಯಂನದ್ದಂತೆ. ನಾನು ಕಾಲಿನ ಚಪ್ಪಲಿಯನ್ನು ಕಳಚಿದೆ. ಹುಡುಗಿ ನಗಲಿಲ್ಲ, ಅದು ಅವಳ ಒಳ್ಳೆಯ ಗುಣ.

ನಮ್ಮಲ್ಲಿ ಪತ್ತನಾಜೆಗೆ ಎಲ್ಲ ಮುಗಿಯಿತು. ಬೇಶ ತಿಂಗಳ ಹತ್ತನೇ ದಿನ, ಇಂಗ್ಲಿಷ್ ಲೆಕ್ಕದಲ್ಲಿ ಮೇ 24ರ ಹೊತ್ತಿಗೆ, ಗೆಜ್ಜೆ ಬಿಚ್ಚಿದರೆ ಮತ್ತೆ ನೇಮವಿಲ್ಲ, ಕೋಲವಿಲ್ಲ, ಯಕ್ಷಗಾನ ಮೇಳದ ತಿರುಗಾಟವೂ ಇಲ್ಲ. ಭಂಡಾರ ಒಳಗೆ ಹೋಗುತ್ತದೆ, ಬಾಗಿಲು ಮುಚ್ಚುತ್ತದೆ. ಆಟಿಯಲ್ಲಿ ಭೂತಗಳು ಘಟ್ಟಕ್ಕೆ ಹೋಗಿರುತ್ತವೆ, ಅದಕ್ಕೇ ಊರಿನ ಮಾರಿ ಕಳೆಯಲು ಆಟಿ ಕಳೆಂಜ ಬರುವುದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಗಿರುವಾಗ ಆಟಿಯ ಮಧ್ಯಾಹ್ನ ಎರಡು ಗಂಟೆಗೆ, ತೆಂಬರೆಯಿಲ್ಲ, ದೀವಟಿಗೆಯಿಲ್ಲ, ಸಿರಿಯ ಪರಿಮಳವಿಲ್ಲ, ಮೊಗ ನನ್ನನ್ನು ನೋಡುತ್ತಾ ಉಂಟು. ಹುಡುಗಿ ಬೆರಳಲ್ಲಿ ಒತ್ತಿದಳು, ಮುಖ ದೊಡ್ಡದಾಯಿತು. ಇನ್ನೂ ಒತ್ತಿದಳು, ಹಲ್ಲಿನ ಸಂದಿ ಕಂಡಿತು. ಎರಕ ಹೊಯ್ದಾಗ ಉಳಿದ ಸಣ್ಣ ಗುಳ್ಳೆಯೂ ಕಂಡಿತು. ನಲವತ್ತು ವರ್ಷ ಪಂಜುರ್ಲಿಯ ಪಾಡ್ದನ ಹೇಳಿದವ ನಾನು, ಮೊಗದ ಹಲ್ಲು ಲೆಕ್ಕ ಮಾಡಿದ್ದು ಅದೇ ಮೊದಲು.

ಚಿತ್ರದ ಕೆಳಗೆ ಬರೆದದ್ದನ್ನು ಅವಳು ಕನ್ನಡದಲ್ಲಿ ಹೇಳಿದಳು. ಹೆಸರು, ಲೋಹ, ಎತ್ತರ ಇಷ್ಟು ಸೆಂಟಿಮೀಟರ್, ಅಗಲ ಇಷ್ಟು, ಊರು ಎಂಬಲ್ಲಿ ಕರ್ನಾಟಕ, ಕಾಲ ಎಂಬಲ್ಲಿ ಇಂಥ ಶತಮಾನ. ಕೊಟ್ಟವರು ಯಾರು ಎಂದು ಒಬ್ಬರು ದೊಡ್ಡವರ ಹೆಸರು. ಮಾಡಿದವರು ಯಾರು ಎಂಬಲ್ಲಿ, ಗೊತ್ತಿಲ್ಲ. ಕೊಟ್ಟವನ ಹೆಸರಿದೆ, ಮಾಡಿದವನ ಹೆಸರಿಲ್ಲ. ಪಾಡ್ದನದಲ್ಲಿ ಹಾಗಿಲ್ಲ ನೋಡಿ. ಭೂತ ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಬಂತು, ಯಾವ ಕಟ್ಟೆಯಲ್ಲಿ ಕೂತಿತು, ಯಾವ ಗುತ್ತಿನವನಿಗೆ ತೊಂದರೆ ಕೊಟ್ಟು ಎಲ್ಲಿ ಸ್ಥಾನ ಪಡೆಯಿತು, ಇಷ್ಟನ್ನೂ ಬಿಡದೆ ಹೇಳಬೇಕು. ಒಂದು ಊರು ಬಿಟ್ಟರೆ ಆ ಊರಿನವರು ಮರುದಿನ ಕೇಳುತ್ತಾರೆ. ಮ್ಯೂಸಿಯಂನವರು ಎತ್ತರ ಅಗಲ ಅಳೆದಿದ್ದಾರೆ, ದಾರಿ ಅಳೆಯಲಿಲ್ಲ.

ಆದರೆ ಒಂದು ನಂಬರು ಇತ್ತು. ಹಲವು ಮ್ಯೂಸಿಯಂಗಳಲ್ಲಿ ಆ ನಂಬರಿನ ಮೊದಲ ಭಾಗ ಎಂದರೆ ಆ ವಸ್ತು ಅವರ ಕೈಗೆ ಬಂದ ಇಸವಿಯಂತೆ. ಅದನ್ನು ಕೇಳಿದ ಮೇಲೆ ನಾನು ಬೇರೇನೂ ನೋಡುವುದಿಲ್ಲ, ಮೊದಲು ಆ ಇಸವಿ ನೋಡುತ್ತೇನೆ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಆ ಮಳೆಗಾಲವಿಡೀ ಅವಳು ನನಗೆ ಮ್ಯೂಸಿಯಂ ತೋರಿಸಿದಳು. ಕೂತಲ್ಲೇ ಲೋಕ ಸುತ್ತಿದೆ ಎನ್ನಬಹುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನವರು 2017ರಲ್ಲಿ 3,75,000ಕ್ಕಿಂತ ಹೆಚ್ಚು ಚಿತ್ರಗಳನ್ನು ಯಾರು ಬೇಕಾದರೂ ಹಣ ಕೊಡದೆ ಉಪಯೋಗಿಸಲಿ ಎಂದು ಬಿಟ್ಟಿದ್ದಾರೆ. ಬೆಂಗಳೂರಿನಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಎಂದು ಉಂಟು. ಅದರ ಕಥೆ ಕೇಳಿ ನನಗೆ ತಮಾಷೆ ಅನಿಸಿತು. ಕೊರೋನದ ಸಮಯ, 2020ರ ಡಿಸೆಂಬರಿನಲ್ಲಿ, ಅವರು ಮೊದಲು ಕಂಪ್ಯೂಟರಿನಲ್ಲಿ ಮ್ಯೂಸಿಯಂ ತೆರೆದರು. ಕಸ್ತೂರ್ಬಾ ರಸ್ತೆಯ ಕಟ್ಟಡ ಜನರಿಗೆ ತೆರೆದದ್ದು 2023ರ ಫೆಬ್ರವರಿಯಲ್ಲಿ. ಮನೆ ಕಟ್ಟುವ ಮೊದಲೇ ಒಕ್ಕಲು! ಆದರೆ ತಪ್ಪೆಂತ? ನಮ್ಮ ಭೂತಗಳೂ ಹಾಗೆಯೇ. ಮೊದಲು ಬಂದು ಕಾರಣಿಕ ತೋರಿಸುವುದು, ಗುಡಿ ಆಮೇಲೆ.

ದಿಲ್ಲಿಯ ಕರಕುಶಲ ಮ್ಯೂಸಿಯಂನ ಚಿತ್ರ ತೋರಿಸಿದ ದಿನ ಮಾತ್ರ ನಾನು ಮನೆಗೆ ತಡವಾಗಿ ಹೋದೆ. ಪ್ರಗತಿ ಮೈದಾನದ ಹತ್ತಿರ, ಚಾರ್ಲ್ಸ್ ಕೊರಿಯಾ ಎಂಬವರು ಯೋಜನೆ ಮಾಡಿದ ಕಟ್ಟಡ. ಅದರೊಳಗೆ ನಮ್ಮ ಭೂತಗಳಿಗೇ ಒಂದು ಕೋಣೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದ ಹಳೆಯ ಮರದ ಮೂರ್ತಿಗಳು, ಆಳೆತ್ತರದವು, ಅದಕ್ಕೂ ಎತ್ತರದವು. ಅಲ್ಲಿ ಜೀರ್ಣೋದ್ಧಾರ ಮಾಡಿ ಹೊಸ ಮೂರ್ತಿಗಳನ್ನು ಕೂರಿಸಿದಾಗ ಹಳೆಯವು ದಿಲ್ಲಿಗೆ ಹೋದವು. ಮೆಕ್ಕೆಕಟ್ಟಿನಲ್ಲಿ ಇವತ್ತೂ ಹೊಸವಕ್ಕೆ ಪೂಜೆ ನಡೆಯುತ್ತದೆ. ದಿಲ್ಲಿಯಲ್ಲಿ ಹಳೆಯವನ್ನು ಟಿಕೆಟು ಮಾಡಿ ನೋಡುತ್ತಾರೆ. ಆ ಮ್ಯೂಸಿಯಂನ ಸಂಗ್ರಹ ಶುರುವಾದದ್ದು 1950ರ ದಶಕದಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಕರಕುಶಲ ಮಂಡಳಿಯಲ್ಲಿದ್ದ ಕಾಲದಲ್ಲಿ. ಅಂದರೆ ನಮ್ಮ ಕಡೆಯವರದ್ದೇ ಕೈ. ಮ್ಯೂಸಿಯಂ ಇರುವ ದಾರಿಗೆ ಭೈರೋನ್ ಮಾರ್ಗ ಎಂದು ಹೆಸರು, ಭೈರವನ ದಾರಿ. ಭೂತಗಳು ಜಾಗ ಹುಡುಕಿಕೊಂಡೇ ಹೋಗಿವೆ ಎಂದು ನಾನೆಂದೆ. ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ದಿಲ್ಲಿಯೇ. ನಾನು ಇನ್ನೂ ಹತ್ತಲಿಲ್ಲ.

ಇನ್ನು ನನ್ನ ಕಥೆ.

ನಮ್ಮ ಅಪ್ಪ ಗುತ್ತಿನ ಮನೆಯ ಗೇಣಿ ಒಕ್ಕಲು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಹೊತ್ತು ಹಾಕಬೇಕು. 1956ರ ನವೆಂಬರ್ ಒಂದರಂದು ನಮ್ಮ ಕಾಸರಗೋಡು ಕೇರಳಕ್ಕೆ ಹೋಯಿತಲ್ಲ, ಅದಕ್ಕೆ ನಮ್ಮ ಕನ್ನಡದವರು ಎಷ್ಟು ಕಣ್ಣೀರು ಹಾಕಿದರೂ, ಒಂದು ವಿಷಯದಲ್ಲಿ ನಮ್ಮಂಥವರಿಗೆ ಒಳ್ಳೆಯದಾಯಿತು. ಕೇರಳದ ಭೂಸುಧಾರಣೆ 1970ರ ಜನವರಿ ಒಂದರಿಂದ ಜಾರಿಗೆ ಬಂತು, ಗೇಣಿ ನಿಂತಿತು. ನಮಗೆ ಪಟ್ಟಯ ಸಿಕ್ಕಿತು. ಅಪ್ಪ ಆ ಕಾಗದವನ್ನು ಅಕ್ಕಿ ಪೆಟ್ಟಿಗೆಯೊಳಗೆ ಇಟ್ಟು, ವಾರಕ್ಕೊಮ್ಮೆ ತೆಗೆದು ನೋಡುತ್ತಿದ್ದರು, ಓದಲು ಬಾರದಿದ್ದರೂ.

ಆದರೆ ಗೇಣಿ ಅಕ್ಕಿ ನಿಂತ ಮೇಲೆ ಗುತ್ತಿನ ಮನೆಯಲ್ಲಿ ನೇಮವೂ ನಿಂತಿತು. ನೇಮ ಎಂದರೆ ಸಣ್ಣ ಖರ್ಚಲ್ಲ. ಊರಿಗೆಲ್ಲ ಊಟ, ಕಟ್ಟುವವರಿಗೆ, ಬಾರಿಸುವವರಿಗೆ ಪಡಿ, ಎಣ್ಣೆ, ಹಿಂಗಾರ, ತೆಂಗಿನಗರಿ. ಮೊದಲು ಮೂರು ವರ್ಷಕ್ಕೊಮ್ಮೆ ಎಂದರು, ಮತ್ತೆ ತಂಬಿಲ ಮಾತ್ರ ಎಂದರು, ಮತ್ತೆ ಅದೂ ಇಲ್ಲ. ಚಾವಡಿಯ ಮಾಡು ಸೋರಿತು. ಉಯ್ಯಾಲೆಯಲ್ಲಿ ಕೂರಿಸಿದ್ದ ಪಂಜುರ್ಲಿಯ ಪಾಪೆ, ಹಲಸಿನ ಮರದ ಹಂದಿ, ಅದರ ಎಡಗಿವಿ ಯಾವುದೋ ಕಾಲದಲ್ಲಿ ದೀಪ ತಾಗಿ ಸುಟ್ಟಿತ್ತು, ಮಳೆನೀರು ಬಿದ್ದು ಬಣ್ಣ ಏಳುತ್ತಿತ್ತು.

1982ರಲ್ಲಿ, ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ, ಗುತ್ತಿನ ಯಜಮಾನರು ಕರೆ ಕಳಿಸಿದರು. ಹೋದೆ. ಒಬ್ಬ ವ್ಯಾಪಾರದವನು ಜಗಲಿಯಲ್ಲಿ ಕೂತಿದ್ದ. ಪೇಟೆಯವನು, ಹೆಸರು ಕೇಳಲಿಲ್ಲ. "ಹುಡುಗಾ, ಒಂದು ಸಾಮಾನು ಉಂಟು, ಮಾರ್ಗದವರೆಗೆ ಹೊತ್ತುಕೊಂಡು ಹೋಗು" ಎಂದರು ಯಜಮಾನರು. ಅವರು ನನ್ನ ಮುಖ ನೋಡಿ ಮಾತಾಡಲಿಲ್ಲ. ಗೋಣಿಯಲ್ಲಿ ಸುತ್ತಿ ಬಾಳೆಹಗ್ಗದಲ್ಲಿ ಕಟ್ಟಿತ್ತು. ಹೆಗಲಿಗೆ ಏರಿಸಿದ ಕೂಡಲೇ ಎಂತದು ಎಂದು ಗೊತ್ತಾಯಿತು, ಮೂತಿ ನನ್ನ ಕುತ್ತಿಗೆಗೆ ತಾಗುತ್ತಿತ್ತು. ಇಳಿಸಿ ಬರಬಹುದಿತ್ತು. ಗೇಣಿ ಒಕ್ಕಲು ಅಲ್ಲ ಆಗ ನಾವು, ಪಟ್ಟಯದವರು. ಬೇಡ ಎನ್ನುವ ಹಕ್ಕು ಇತ್ತು. ಎನ್ನಲಿಲ್ಲ. ಒಂದು ಮೈಲು ಹೊತ್ತು, ಬಸ್ಸಿನ ಟಾಪಿಗೆ ಹಾಕಿದೆ. ಅವನು ಇಪ್ಪತ್ತು ರೂಪಾಯಿ ಕೊಟ್ಟ. ಆಗ ಅದು ದೊಡ್ಡ ದುಡ್ಡು.

1972ರಲ್ಲೇ ಕಾನೂನು ಬಂದಿತ್ತಂತೆ, ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಪರದೇಶಕ್ಕೆ ಸಾಗಿಸಬಾರದು ಎಂದು. ನಮ್ಮ ಊರಿನ ಮಾರ್ಗಕ್ಕೆ ಆ ಕಾನೂನು ಬಂದದ್ದು ನಾನು ಕಾಣಲಿಲ್ಲ.

ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಏನೂ ಹೇಳಲಿಲ್ಲ. ಆ ವರ್ಷ ಏಣೆಲು ನೇಜಿ ನೆಡುವಾಗ ಓಬೇಲೆ ಹೇಳಿದಳು, ಬೇರೆ ಕಬಿತ ಹೇಳಿದಳು, ಪಂಜುರ್ಲಿಯ ಪಾಡ್ದನ ಎತ್ತಲಿಲ್ಲ. ಜೊತೆಯ ಹೆಂಗಸರು ಕೇಳಿದರು. ಮರೆತುಹೋಗಿದೆ ಎಂದಳು. ಮರೆಯುವ ಬಾಯಿ ಅಲ್ಲ ಅದು.

ನನಗೆ ಈಗ ಅರ್ಥವಾಗುವುದು ಬೇರೆ ಒಂದು. ಆ ಹಂದಿ ಕೈಲಾಸದಲ್ಲಿ ಹೇಗೆ ಬೆಳೆಯಿತು, ಈಶ್ವರ ದೇವರಿಗೆ ಯಾಕೆ ಸಿಟ್ಟು ಬಂತು, ಭೂಮಿಗೆ ಹೇಗೆ ಇಳಿಯಿತು, ಎಲ್ಲ ಗೊತ್ತಿದ್ದದ್ದು ಅಮ್ಮನಿಗೆ. ಆದರೆ ಅಮ್ಮ ಆ ಪಾಪೆಯನ್ನು ಹತ್ತಿರದಿಂದ ನೋಡಿದವಳಲ್ಲ. ನಮ್ಮಂಥವರು ನಿಲ್ಲುವುದು ಅಂಗಳದ ಹೊರಗೆ, ದಣಪೆಯ ಹತ್ತಿರ. ಹೆಂಗಸರು ಇನ್ನೂ ಹಿಂದೆ. ಅಲ್ಲಿಂದ ಕಾಣುವುದು ದೀವಟಿಗೆಯ ಬೆಳಕು, ಅಣಿಯ ತುದಿ, ನಡುವೆ ಒಮ್ಮೆ ಮೊಗ ಹೊಳೆದರೆ ಹೊಳೆಯಿತು. ಹತ್ತಿರ ಕುರ್ಚಿ ಹಾಕಿ ಕೂರುವವರಿಗೆ ಪಾಡ್ದನದ ಅರ್ಧವೂ ಬಾರದು. ಹುಟ್ಟು ಹೇಳಿದವಳಿಗೆ ಮುಖ ಇಲ್ಲ, ಮುಖ ಇದ್ದವರಿಗೆ ಹುಟ್ಟು ಬೇಡ. ಇವತ್ತು ಅದೇ ಮೊಗದ ಹಲ್ಲನ್ನು ನಾಲ್ಕನೇ ಕ್ಲಾಸಿನ ಹುಡುಗಿ ಲೆಕ್ಕ ಮಾಡಬಹುದು, ಅವಳ ಜಾತಿ ಯಾರೂ ಕೇಳುವುದಿಲ್ಲ, ಮುಟ್ಟಾಗಿದ್ದಾಳಾ ಎಂದು ಕೇಳುವುದಿಲ್ಲ. ಇದನ್ನು ನಾನು ಹೇಗೆ ಕೆಟ್ಟದ್ದು ಎನ್ನಲಿ? ನಮ್ಮವರಲ್ಲಿ ಕೆಲವರು, ದೈವವನ್ನು ಮೊಬೈಲಿನಲ್ಲಿ ತೋರಿಸುವುದು ಅಪಚಾರ ಎನ್ನುತ್ತಾರೆ. ಅವರಲ್ಲಿ ಹೆಚ್ಚಿನವರು ಕುರ್ಚಿಯಲ್ಲಿ ಕೂತವರ ಮಕ್ಕಳು. ನನಗೆ ಅವರ ಮಾತು ಪೂರ್ತಿ ಒಪ್ಪಿಗೆಯಿಲ್ಲ.

ಪೂರ್ತಿ ತಳ್ಳಿಹಾಕಲಿಕ್ಕೂ ಆಗುವುದಿಲ್ಲ. ಯಾಕೆಂದರೆ ಹಾಡಿನಲ್ಲಿ ನನಗೆ ಅದು ಅನುಭವಕ್ಕೆ ಬಂದಿದೆ. ಒಮ್ಮೆ ಪೇಟೆಯಿಂದ ಟೇಪ್ ರೆಕಾರ್ಡರ್ ಹಿಡಿದುಕೊಂಡು ಓದಿದವರು ಬಂದಿದ್ದರು. ಅಮ್ಮನನ್ನು ಜಗಲಿಯಲ್ಲಿ ಕೂರಿಸಿ ಓಬೇಲೆ ಹೇಳಿ ಎಂದರು. ಓಬೇಲೆ ಎಂದರೆ ಒಬ್ಬಳು ಎತ್ತಬೇಕು, ಸಾಲಿನವರು ಸೊಂಟ ಬಗ್ಗಿಸಿಕೊಂಡೇ ಅದನ್ನು ಹಿಡಿಯಬೇಕು, ಅವರು ಹಿಡಿದಷ್ಟು ಹೊತ್ತಿನಲ್ಲಿ ಎತ್ತಿದವಳಿಗೆ ಉಸಿರು, ಮುಂದಿನ ಮಾತು ಎರಡೂ ಬರುತ್ತದೆ. ಗದ್ದೆಯಲ್ಲಿ ಮಧ್ಯಾಹ್ನದವರೆಗೆ ಹೋಗುವ ಹಾಡು ಜಗಲಿಯಲ್ಲಿ ಕಾಲು ಗಂಟೆಗೆ ನಿಂತಿತು. "ಹಿಡಿಯುವವರು ಇಲ್ಲ" ಎಂದಳು. ಅವರು ಅಷ್ಟನ್ನೇ ಓಬೇಲೆ ಎಂದು ಬರೆದುಕೊಂಡು ಹೋದರು.

ಎಲ್ಲರೂ ಹಾಗಲ್ಲ. ಉಜಿರೆಯ ಹತ್ತಿರದ ಮಾಚಾರು ಗೋಪಾಲ ನಾಯ್ಕರು ಹೇಳಿದ ಸಿರಿ ಪಾಡ್ದನವನ್ನು 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಕೂತು ದಾಖಲೆ ಮಾಡಿದರು. 15,683 ಸಾಲು. 1998ರಲ್ಲಿ ಅದು ಅಚ್ಚಾಯಿತು. ಆ ಪುಸ್ತಕದ ಮೇಲೆ ಹೇಳಿದವರ ಹೆಸರು ಉಂಟು. ಮಾಡಿದವರು ಯಾರು ಎಂಬಲ್ಲಿ ಗೊತ್ತಿಲ್ಲ ಎಂದು ಬರೆಯಲಿಲ್ಲ. ಕೂತು ಕೇಳುವ ಮನಸ್ಸಿದ್ದರೆ ಆಗುತ್ತದೆ ಎಂದಾಯಿತು.

ಈಗ ನಾನು ಇಸವಿ ಹುಡುಕುವುದು ಯಾಕೆಂದು ನಿಮಗೆ ಗೊತ್ತಾಗಿರಬಹುದು. 1982ರ ನಂತರದ ನಂಬರು ಕಂಡರೆ ಹುಡುಗಿಗೆ ಹೇಳುತ್ತೇನೆ, "ಮಗಳೇ, ಎಡಗಿವಿ ದೊಡ್ಡದು ಮಾಡು." ಕರಕಲು ಇರುವುದಿಲ್ಲ. ಇನ್ನೊಂದು. ಅದರಲ್ಲೂ ಇಲ್ಲ. ಒಮ್ಮೆ ಒಂದು ಹಂದಿಯ ಕಿವಿಯಲ್ಲಿ ಕಪ್ಪು ಕಂಡು ನನ್ನ ಎದೆ ಹೊಡೆದುಕೊಂಡಿತು, ನೋಡಿದರೆ ಅದು ಬಲಗಿವಿ, ನೆರಳು.

ಸಿಕ್ಕಿದರೆ ಎಂತ ಮಾಡುತ್ತೀರಿ ಮಾವ ಎಂದು ಅವಳು ಕೇಳಿದಳು. ತಮಿಳುನಾಡಿನ ಶ್ರೀಪುರಂತಾನ್ ಎಂಬ ಊರಿನ ವಿಷಯ ಅವಳೇ ಹೇಳಿದ್ದಳು. ಅಲ್ಲಿಯ ದೇವಸ್ಥಾನದ ನಟರಾಜನನ್ನು ಕದ್ದು ಸಾಗಿಸಿದ್ದರು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿಯವರು 2008ರಲ್ಲಿ ಅದನ್ನು ಸುಮಾರು 50 ಲಕ್ಷ ಡಾಲರಿಗೆ ತೆಗೆದುಕೊಂಡರು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಎಷ್ಟೋ ವರ್ಷ ಮೊದಲೇ ಊರೂರು ತಿರುಗಿ ತೆಗೆದಿಟ್ಟ ಫೋಟೋ ಇತ್ತು. ಅದನ್ನೂ ಇದನ್ನೂ ಹೋಲಿಸಿ ಇದೇ ಎಂದು ಗೊತ್ತಾಯಿತು, 2014ರಲ್ಲಿ ನಟರಾಜ ವಾಪಸು ಬಂದ. ಹಾಗಾದರೆ ಎಲ್ಲರೂ ನೋಡುವ ಹಾಗೆ ಇಟ್ಟದ್ದರಿಂದ ಕಳ್ಳತನ ಹಿಡಿಯಲಿಕ್ಕಾಯಿತು. ಕತ್ತಲೆ ಕೋಣೆಯಲ್ಲಿ ಇಟ್ಟಿದ್ದರೆ ಯಾರಿಗೆ ಗೊತ್ತು?

ಆದರೆ ನಟರಾಜನನ್ನು ಕದ್ದದ್ದು. ನಮ್ಮ ಹಂದಿಯನ್ನು ಕದಿಯಲಿಲ್ಲ, ಮಾರಿದ್ದು. ಮಾರಿದವರು ಯಜಮಾನರು ಎಂದು ನಾನು ಬಹಳ ವರ್ಷ ಹೇಳುತ್ತಿದ್ದೆ. ಅವರಿಗೆ ಮಾಡು ಹೊದಿಸಲು ದುಡ್ಡಿರಲಿಲ್ಲ. ದುಡ್ಡು ಯಾಕಿರಲಿಲ್ಲ? ನಾವು ಗೇಣಿ ಕೊಡುವುದು ನಿಂತ ಕಾರಣ. ಗೇಣಿ ನಿಂತದ್ದು ಅನ್ಯಾಯವಾ? ಖಂಡಿತ ಅಲ್ಲ. ಅಪ್ಪನ ಬೆನ್ನು ನೋಡಿದವ ನಾನು. ಆ ಅಕ್ಕಿಯಿಂದ ನಡೆದ ನೇಮದಲ್ಲಿ ನಮ್ಮಮ್ಮ ದಣಪೆಯ ಹೊರಗೆ ನಿಂತದ್ದು. ಹಾಗೆಂದು, ಭೂಮಿ ನಮ್ಮದಾದ ಮೇಲೆ ಭೂತ ನಮ್ಮದು ಎಂದು ನಾವು ಒಕ್ಕಲಿನವರು ಒಬ್ಬರಾದರೂ ಹೇಳಿದೆವಾ? ಹತ್ತು ಮನೆಯವರು ಹತ್ತು ಸೇರು ಅಕ್ಕಿ ಹಾಕಿದ್ದರೆ ತಂಬಿಲವಾದರೂ ನಡೆಯುತ್ತಿತ್ತು. ಅದು ಧಣಿಗಳದ್ದು ಎಂದು ಬಿಟ್ಟೆವು. ಪಟ್ಟಯದಲ್ಲಿ ಗದ್ದೆಯ ಸರ್ವೆ ನಂಬರು ಇತ್ತು, ಗದ್ದೆ ಕಾಯುವವನ ಹೆಸರು ಇರಲಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಆ ಚಾವಡಿಯಲ್ಲೇ ಉಳಿದಿದ್ದರೆ ಐದಾರು ಮಳೆಗಾಲದಲ್ಲಿ ಗೆದ್ದಲಿಗೆ ಹೋಗುತ್ತಿತ್ತು. ಎಲ್ಲೋ ಒಂದು ಕಡೆ ತಂಪು ಕೋಣೆಯಲ್ಲಿ, ಗಾಜಿನೊಳಗೆ, ಧೂಳಿಲ್ಲದೆ ಕೂತಿದ್ದರೆ ಅದನ್ನು ಉಳಿಸಿದವರು ಅವರೇ. ನಮ್ಮ ಭಕ್ತಿಗಿಂತ ಅವರ ಗಾಜು ಮೇಲಾಯಿತು. ಇದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ನಿಂತಿತು, ಆದರೆ ನಿಜ.

ಈಗ ಯಾಕೆ ಇದೆಲ್ಲ ಎಂದರೆ, ನಮ್ಮ ಊರಿನ ಸ್ಥಾನದ ಜೀರ್ಣೋದ್ಧಾರವಾಗಿದೆ. ಗುತ್ತಿನ ಮನೆಯ ಮಕ್ಕಳು ಮುಂಬಯಿಯಿಂದ, ಗಲ್ಫಿನಿಂದ ದುಡ್ಡು ಕಳಿಸಿದರು, ಈ ಸಲ ನಾವೂ ಕೊಟ್ಟೆವು. ಹೊಸ ಮೊಗ, ಹೊಸ ಉಯ್ಯಾಲೆ. ಹಳೆಯ ಅಟ್ಟದಲ್ಲಿ ಕೆಲವು ಮರದ ತುಂಡು ಸಿಕ್ಕಿದವು. ಉಯ್ಯಾಲೆಯ ಎರಡು ಹಲಗೆ, ಒಂದು ಕುದುರೆಯ ತಲೆ, ಕೈ ಮುರಿದ ಒಂದು ಸಣ್ಣ ಹೆಣ್ಣು ಪಾಪೆ. ಇವನ್ನು ಎಂತ ಮಾಡುವುದು? ತಂತ್ರಿಗಳು, ಕಳೆಯನ್ನು ಕಲಶಕ್ಕೆ ತೆಗೆದಾಗಿದೆ, ಇನ್ನು ಇದು ಬರೇ ಮರ, ಹೊಳೆಗೆ ಬಿಡಿ ಎಂದರು. ಒಬ್ಬರು ಮ್ಯೂಸಿಯಂಗೆ ಕೊಡುವಾ ಎಂದರು. ಒಬ್ಬ ಹುಡುಗ ಮೆಲ್ಲಗೆ, ಇದಕ್ಕೆ ಒಳ್ಳೆಯ ರೇಟ್ ಉಂಟು ಎಂದ. ಎಲ್ಲರೂ ನನ್ನ ಕಡೆ ನೋಡಿದರು, ಪಾಡ್ದನ ಹೇಳುವವ ಎಂದು.

ಬರೇ ಮರವಾದರೆ 1982ರಲ್ಲಿ ನನ್ನ ಹೆಗಲು ಯಾಕೆ ಬಿಸಿಯಾಯಿತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನಾನು ಹೇಳಿದ್ದು ಇಷ್ಟೇ: ಹೊಳೆಗೆ ಬಿಡುವುದಾದರೆ ಬಿಡುವಾ, ಕೊಡುವುದಾದರೆ ಕೊಡುವಾ, ಮಾರುವುದು ಬೇಡ. ಏನು ಮಾಡುವುದಾದರೂ ಮೊದಲು ಫೋಟೋ ತೆಗೆದು, ಅಳತೆ ತೆಗೆದು, ಇದರ ಹುಟ್ಟು, ಬಂದ ದಾರಿ ಬರೆದಿಡಬೇಕು. ಮತ್ತೆ ಆ ಫೋಟೋ ನೋಡಲು ದಣಪೆ ಇರಬಾರದು. ಫೋಟೋ ಆಗದು ಎಂದು ಇಬ್ಬರು ಎದ್ದು ಹೋದರು. ದೀಪಾವಳಿ ಕಳೆದು ಇನ್ನೊಮ್ಮೆ ಸಭೆ ಉಂಟು. ಏನಾಗುತ್ತದೋ.

ಅಷ್ಟರೊಳಗೆ ವಾಚನಾಲಯದ ಹುಡುಗಿ ಒಂದು ಉದ್ದ ಲೆಡ್ಜರ್ ತಂದು ಗೆರೆ ಎಳೆದಿದ್ದಾಳೆ. ಮ್ಯೂಸಿಯಂನವರ ಹಾಗೆಯೇ ಕಾಲಂ. ಹೆಸರು, ಮರ, ಎತ್ತರ, ಅಗಲ, ಕಾಲ. ಮಾಡಿದವರು ಎಂಬ ಕಾಲಂನಲ್ಲಿ ಗೊತ್ತಿಲ್ಲ ಎಂದು ಬರೆಯಲು ಹೊರಟಳು. ನಿಲ್ಲಿಸು ಎಂದೆ. ತೋಡಿನ ಆಚೆ ಆಚಾರಿಗಳ ಮನೆಗೆ ಹೋಗಿ ಕೇಳಿದೆವು. ಅಲ್ಲಿಯ ಅಜ್ಜಿ, ಕುದುರೆ ತಲೆ ತನ್ನ ಗಂಡನ ಅಜ್ಜನ ಕೆಲಸ ಎಂದು ಕುತ್ತಿಗೆಯ ಗೆರೆ ನೋಡಿ ಹೇಳಿದರು. ಹೆಸರು ಬರೆಸಿದೆವು. ಕೊನೆಗೆ ಒಂದು ಕಾಲಂ ನಾನು ಸೇರಿಸಲು ಹೇಳಿದೆ, ಹೇಗೆ ಹೋಯಿತು ಎಂದು.

ಕೊನೆಯ ಸಾಲಿನಲ್ಲಿ ಇಲ್ಲದ ಹಂದಿಯನ್ನೂ ಬರೆಸಿದೆ. ಹಲಸಿನ ಮರ. ಉದ್ದ, ನನ್ನ ಹೆಗಲಿನಿಂದ ಬೆರಳ ತುದಿಯವರೆಗೆ. ಎಡಗಿವಿ ಸುಟ್ಟದ್ದು. ಹೇಗೆ ಹೋಯಿತು ಎಂಬಲ್ಲಿ, 1982, ಬಸ್ಸಿನ ಟಾಪಿನಲ್ಲಿ. ಹೊತ್ತುಕೊಂಡು ಹೋದವರು ಎಂದು ನನ್ನ ಹೆಸರು, ಅಪ್ಪನ ಹೆಸರು, ಮನೆಯ ಹೆಸರು. ಸಿಕ್ಕಿದ ಹಣ 20 ರೂಪಾಯಿ. ಹುಡುಗಿ, "ಮಾವ, ಇದು ಬೇಕಾ?" ಎಂದಳು. ಬೇಕು, ಇಂಕಿನಲ್ಲಿ ಬರೆ ಎಂದೆ.